ನಿಮಿಷಕ್ಕೆ ನಲವತ್ತು ಪದ

೨೦೧೭ರ ಜುಲೈ ೨೪, ಸೋಮವಾರ ಬೆಳಿಗ್ಗೆ ಎಂಟು ನಲವತ್ತಕ್ಕೆ ಊರ್ಮಿಳಾ ಕಿಟಕಿಗೆ ಹಳೆಯ ಚಾದರ ಕಟ್ಟಿ ಕೋಣೆಯ ದೀಪ ಆರಿಸಿದಳು. ಗಂಡ ಚಿದಂಬರ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವನು ಏಳುವುದು ಮಧ್ಯಾಹ್ನ ಮೂರಕ್ಕೆ. ಅಲ್ಲಿಯವರೆಗೆ ಆ ಮನೆಯಲ್ಲಿ ಹಗಲಾಗುವಂತಿರಲಿಲ್ಲ.

ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಮೇಲೆ ತಗಡು. ಊರು ಈಗಿನ ಛತ್ರಪತಿ ಸಂಭಾಜಿನಗರ. ಆಗ ಬಸ್ಸಿನ ಬೋರ್ಡಿನ ಮೇಲೆ ಔರಂಗಾಬಾದ್ ಎಂದಿತ್ತು. ಚಿದಂಬರ ಊರ ಹೊರಗಿನ ಕೈಗಾರಿಕಾ ಪ್ರದೇಶ ಶೇಂದ್ರಾದ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ನಡೆಸುತ್ತಿದ್ದ. ನಾಲ್ಕು ವರ್ಷದಿಂದ ಮೂರನೇ ಪಾಳಿ, ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳು. ಸದ್ದು ಅವನಿಗೆ ಲೆಕ್ಕಕ್ಕಿಲ್ಲ. ತಾಯಿ ಈರಮ್ಮ ಪಕ್ಕದಲ್ಲೇ ಕೂತು ರೊಟ್ಟಿ ಬಡಿದರೂ ಹೊರಳುತ್ತಿರಲಿಲ್ಲ. ಬೆಳಕು ಮಾತ್ರ ಆಗದು. ಚಾದರದ ತುದಿ ಗಾಳಿಗೆ ಎದ್ದರೂ ಎದ್ದು ಕೂರುವನು. ಕಣ್ಣಿಗೆ ಬಟ್ಟೆ ಕಟ್ಟಿ ನೋಡಿದ್ದಾಗಿತ್ತು. ತಗಡಿನ ಕಾವಿಗೆ ಬೆವತು, ಹತ್ತು ನಿಮಿಷದಲ್ಲಿ ಕಿತ್ತೆಸೆದಿದ್ದ.

ಅಂದು ಮೂರು ಗಂಟೆಗೆ ಅವನು ಎದ್ದು ಊಟಕ್ಕೆ ಕೂತಾಗ ಊರ್ಮಿಳಾ ಕಾಗದ ತೆಗೆದಳು. ಸರ್ಕಾರಿ ಲಿಪಿಕ, ಅಂದರೆ ಗುಮಾಸ್ತೆಯ ಹುದ್ದೆಗೆ ಬರೆದ ಪರೀಕ್ಷೆಯಲ್ಲಿ ಅವಳು ಪಾಸಾಗಿದ್ದಳು. ಇನ್ನು ಉಳಿದದ್ದು ಟೈಪಿಂಗ್. ಸೆಪ್ಟೆಂಬರ್ ಹತ್ತು, ಭಾನುವಾರ, ನಾಶಿಕ್‌ನ ಕೇಂದ್ರ.

"ನಲವತ್ತು ಪದ ಅಂದ್ರ ಏನ ಅದು?" ಈರಮ್ಮ ಕೇಳಿದಳು.

"ಒಂದ್ ಮಿನಿಟಿನ್ಯಾಗ ನಲವತ್ತು ಇಂಗ್ಲಿಷ್ ಪದ ಟೈಪ್ ಮಾಡಬೇಕ್ರಿ ಅತ್ತಿ. ಹಂಗ ಹತ್ತು ಮಿನಿಟ್, ಕೈ ನಿಲ್ಲಸದಂಗ."

"ಈಗ ಎಷ್ಟ್ ಮಾಡ್ತಿ?"

"ಇಪ್ಪತ್ತೆರಡು."

ಚಿದಂಬರ ರೊಟ್ಟಿ ಮುರಿಯುತ್ತಾ ನಕ್ಕ. "ಅರ್ಧ ಆತಲ್ಲ. ಇನ್ನರ್ಧ ಮುಂದಿನ ಸಲ ಮಾಡೀಯಂತ."

"ಮುಂದಿನ ಸಲ ಇಲ್ಲ. ಜನವರಿಗೆ ಮೂವತ್ತೆಂಟು ತುಂಬತಾವ ನನಗ. ಆಮ್ಯಾಲೆ ಅರ್ಜಿನೂ ತಗೊಳೂದಿಲ್ಲ."

ಅವನು ನಗು ನಿಲ್ಲಿಸಿ ಚಟ್ನಿ ಕೇಳಿದ.

ತೊಂದರೆ ಸಮಯದ್ದು. ಬೆಳಿಗ್ಗೆ ಐದರಿಂದ ಎಂಟೂವರೆಯವರೆಗೆ ಅತ್ತೆ ಸೊಸೆ ಸೇರಿ ಕಾರ್ಮಿಕರ ಮೆಸ್ಸಿಗೆ ಎಂಬತ್ತು ಜೋಳದ ರೊಟ್ಟಿ ಮಾಡಬೇಕು. ನಾಲ್ಕರ ನಂತರ ಸಂಜೆಯ ಸರದಿ, ಮತ್ತೆ ಎಂಬತ್ತು. ಮೂರು ದಿನಕ್ಕೊಮ್ಮೆ ಬರುವ ನಳದ ನೀರು ಸಂಜೆಯೇ ಬರುತ್ತಿತ್ತು. ಬಿಡುವು ಸಿಗುವುದು ಒಂಬತ್ತರಿಂದ ಮೂರು, ಅಂದರೆ ಕತ್ತಲೆಯ ಹೊತ್ತು. ಮಗಳು ಸಾಹಿತ್ಯಳಿಗೆಂದು ಕೊಂಡ ಹಳೆಯ ಕಂಪ್ಯೂಟರ್ ಇದ್ದದ್ದು ಅದೇ ಕೋಣೆಯಲ್ಲಿ. ಅಡುಗೆಮನೆಯಲ್ಲಿ ಸಿಲಿಂಡರ್, ಎರಡು ನೀರಿನ ಡ್ರಮ್ಮು, ಹಿಟ್ಟಿನ ಡಬ್ಬಿ. ಮೇಜು ಹಿಡಿಸದು, ಚಿದಂಬರನನ್ನು ಅಲ್ಲಿ ಮಲಗಿಸೋಣವೆಂದರೆ ಕಾಲು ಚಾಚಲು ಜಾಗ ಸಾಲದು. ವಸುಧಾ ಮೇಡಂ ಅವರ ಟೈಪಿಂಗ್ ಕ್ಲಾಸಿನಲ್ಲಿ ಪರೀಕ್ಷೆಯ ಕಾಲವೆಂದು ಎಲ್ಲ ಕಂಪ್ಯೂಟರ್‌ಗಳೂ ಭರ್ತಿ. ಶನಿವಾರ ನಾಲ್ಕಕ್ಕೆ ಬಂದರೆ ಒಂದು ಸರಾವ, ಅಂದರೆ ಅಭ್ಯಾಸದ ಪರೀಕ್ಷೆ ಕೊಡಿಸಬಹುದು, ಅಷ್ಟೇ ಎಂದಿದ್ದರು.

ಊರ್ಮಿಳಾ ತಮ್ಮನಿಗೆ ಫೋನು ಮಾಡಿದಳು. ಅವಳ ತಂದೆ ಗುರುಲಿಂಗಪ್ಪ ನಾಶಿಕ್ ಬಳಿಯ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್. ತಮ್ಮ ಸುಹಾಸ ನಾಶಿಕ್‌ನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಮುಂದಿನ ಭಾನುವಾರ ಸುಹಾಸ ಬಸ್ಸಿಳಿದು ಬಂದ. ಕೈಯಲ್ಲಿ ಉದ್ದನೆಯ ಪೆಟ್ಟಿಗೆ.

"ಅಕ್ಕಾ, ಹುಡುಗ್ರು ಗೇಮ್ ಆಡೂ ಕೀಬೋರ್ಡ್ ಇದು. ಲೈಟ್ ಬಂದ್ ಕರ್, ಸಾಹಿತ್ಯಾ."

ದೀಪ ಆರಿತು. ಮೇಜಿನ ಮೇಲೆ ನೂರಕ್ಕೂ ಹೆಚ್ಚು ನೀಲಿ ಅಕ್ಷರ, ಅಂಕಿ, ಗೆರೆಗಳು ಹೊಳೆದವು. ಬೆಳಕು ಕೀಲಿಗಳ ಕೆಳಗಿತ್ತು, ಅಕ್ಷರದಷ್ಟೇ ಜಾಗದಿಂದ ಹೊರಗೆ ಬರುತ್ತಿತ್ತು.

"ಅಯ್ಯ, ದೀಪಾವಳಿ ಹಿಡಕೊಂಡ್ ಬಂದಾನ ನೋಡು!" ಈರಮ್ಮ ಎಂದಳು. "ಮುಟ್ಟಿದ್ರ ಶಾಕ್ ಹೊಡಿತೈತೇನು?"

"ಇಲ್ರಿ ಅತ್ತಿ. ಮುಟ್ಟಿ ನೋಡ್ರಿ."

ಈರಮ್ಮ ಒಂದು ಬೆರಳು ಇಟ್ಟು ತೆಗೆದಳು. "ತಣ್ಣಗ ಐತಿ. ಇದರಾಗ ಏನ್ ಬೇಯತೈತಿ?"

ಸುಹಾಸ ಮೂಲೆಯ ಸ್ಕ್ರಾಲ್ ಲಾಕ್ ಕೀಲಿ ತೋರಿಸಿದ. ಒತ್ತಿದರೆ ನೀಲಿ ಆರುತ್ತದೆ, ಇನ್ನೊಮ್ಮೆ ಒತ್ತಿದರೆ ಹತ್ತುತ್ತದೆ. ಚಿದಂಬರ ಹಾಸಿಗೆಯ ಮೇಲೆ ಮಲಗಿ ಕಣ್ಣು ಮುಚ್ಚಿ ನೋಡಿದ, ತೆರೆದು ನೋಡಿದ.

"ಕೀಬೋರ್ಡ್ ನಡಿತೈತಿ. ಆ ಟೀವಿ ನಡಿಯೂದಿಲ್ಲ," ಎಂದು ಮಾನಿಟರ್ ತೋರಿಸಿದ.

"ಅದಕ್ಕ ಟಾವೆಲ್ ಹೊಚ್ಚತೀನಿ," ಊರ್ಮಿಳಾ ಎಂದಳು.

ಮರುದಿನದಿಂದ ಹಾಗೆಯೇ ನಡೆಯಿತು. ಒಂಬತ್ತಕ್ಕೆ ಮಾನಿಟರ್ ಮೇಲೆ ದಪ್ಪ ಟವೆಲ್. ಅದರ ಮುಂದೆ ಊರ್ಮಿಳಾ, ಕೈಕೆಳಗೆ ನೀಲಿ ಅಕ್ಷರ. ನೋಡಿ ಟೈಪ್ ಹೊಡೆಯಬೇಕಾದ ಕಾಗದ ಕತ್ತಲೆಯಲ್ಲಿ ಕಾಣುತ್ತಿರಲಿಲ್ಲ. ಅದಕ್ಕೆ ಅವಳು ಉಪಾಯ ಮಾಡಿದಳು. ಪುಸ್ತಕದ ಐದು ಪರಿಚ್ಛೇದಗಳನ್ನು ಸಂಜೆ ರೊಟ್ಟಿ ಬಡಿಯುತ್ತಾ ಬಾಯಿಪಾಠ ಮಾಡಿದಳು. ಹಗಲು ಅವನ್ನೇ ಹೊಡೆದಳು. ಈರಮ್ಮನಿಗೂ ಅರ್ಧ ಬಂತು.

"ರೇನ್‌ಫಾಲ್ ಈಸ್ ದಿ... ಮುಂದೇನ?" ಎಂದು ಕೇಳುವಳು ಹಿಟ್ಟು ನಾದುತ್ತಾ.

"ಮೇನ್ ಸೋರ್ಸ್ ರಿ."

"ಹಾಂ. ಇಷ್ಟ್ ಇಂಗ್ಲಿಷ್ ನಿಮ್ಮ ಮಾವನ ಕಾಲದಾಗ ಬಂದಿದ್ರ ಕೂಲಿ ಹಂಚೂ ಮುಕಾದಮನ ಕೂಡ ಜಗಳಾ ಆಡ್ತಿದ್ದೆ."

ಈರಮ್ಮ ಸಿಂದಗಿ ಕಡೆಯಿಂದ ಗಂಡ ಗೊಲ್ಲಾಳಪ್ಪನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳು. ಅವನು ಗೋಡೆ ಕಟ್ಟುವ ಗೌಂಡಿ, ಇವಳು ತಲೆಯ ಮೇಲೆ ಸಿಮೆಂಟಿನ ಪುಟ್ಟಿ. ಅವನು ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಮೂರು ವಾರದಲ್ಲಿ ಊರ್ಮಿಳಾಳ ವೇಗ ಮೂವತ್ತೆಂಟಕ್ಕೆ ಬಂತು. ಸಾಹಿತ್ಯ ಗೋಡೆಯ ಕ್ಯಾಲೆಂಡರಿನಲ್ಲಿ ದಿನದ ಅಂಕಿ ಬರೆಯುತ್ತಿದ್ದಳು. ಎಂಟನೇ ಇಯತ್ತೆಯ ಹುಡುಗಿ, ಕನ್ನಡ ತಿಳಿಯುತ್ತಿತ್ತು. ಮಾತು ಅರ್ಧ ಮರಾಠಿ. "ಮಮ್ಮಿ, ಫಕ್ತ್ ಎರಡು ಉಳಿದವು!" ಎಂದಳು.

ಆಗಸ್ಟ್ ೧೯ರ ಶನಿವಾರ ನಾಲ್ಕಕ್ಕೆ ಊರ್ಮಿಳಾ ವಸುಧಾ ಮೇಡಂ ಕ್ಲಾಸಿಗೆ ಹೋದಳು. ಅಲ್ಲಿನ ಕೀಬೋರ್ಡುಗಳು ಕಪ್ಪು. ಬಳಸಿ ಬಳಸಿ ಎ, ಇ, ಎಸ್ ಅಕ್ಷರಗಳು ಅಳಿಸಿಹೋಗಿದ್ದವು. ಮೇಡಂ ಹೊಸ ಪರಿಚ್ಛೇದ ಕೊಟ್ಟು ಗಡಿಯಾರ ಒತ್ತಿದರು. ಹತ್ತು ನಿಮಿಷವಾದ ಮೇಲೆ ಎಣಿಸಿದರು. ನಿಮಿಷಕ್ಕೆ ಹತ್ತೊಂಬತ್ತು ಪದ. ಒಟ್ಟು ಮೂವತ್ತೊಂದು ತಪ್ಪು.

"ಮನೆಯಲ್ಲಿ ಎಷ್ಟು ಬರುತ್ತಿತ್ತು?" ಮೇಡಂ ಮರಾಠಿಯಲ್ಲಿ ಕೇಳಿದರು.

"ಮೂವತ್ತೆಂಟು."

"ಹೇಗೆ ಅಭ್ಯಾಸ ಮಾಡುತ್ತೀರಿ?"

ಊರ್ಮಿಳಾ ಹೇಳಿದಳು. ಚಾದರ, ಟವೆಲ್, ನೀಲಿ ಅಕ್ಷರ, ಬಾಯಿಪಾಠ. ಮೇಡಂ ನಗಲಿಲ್ಲ. "ನಾನು ಆಗಿನಿಂದ ನೋಡುತ್ತಿದ್ದೇನೆ. ಹತ್ತು ನಿಮಿಷವೂ ನಿಮ್ಮ ಕಣ್ಣು ಬೆರಳಿನ ಮೇಲೆ. ಕಾಗದ ಓದಿದವರು ಯಾರು? ನೀವು ಟೈಪಿಂಗ್ ಕಲಿತಿಲ್ಲ ತಾಯಿ, ಐದು ಪಾಠ ಕಲಿತಿದ್ದೀರಿ. ಇನ್ನು ಇಪ್ಪತ್ತೆರಡು ದಿನ ಇದೆ. ಕೈ ನೋಡುವುದು ಬಿಡಿ, ಇಲ್ಲವೇ ನಾಶಿಕ್ ಬಸ್ಸಿನ ಟಿಕೆಟ್ ಉಳಿಸಿ."

ಆ ಸಂಜೆ ನಳಕ್ಕೆ ನೀರು ಬಂದಿತ್ತು. ಪೈಪು ಹಿಡಿದು ಡ್ರಮ್ಮು ತುಂಬಿಸುತ್ತಲೇ ಊರ್ಮಿಳಾ ಆದದ್ದನ್ನು ಹೇಳಿದಳು. ಬಾಗಿಲಲ್ಲಿ ಕೂತ ಚಿದಂಬರ ಚಹಾದ ಕಪ್ಪು ಕೆಳಗಿಟ್ಟ.

"ಅಂದ್ರ ನನ್ನ ನಿದ್ದಿ ತಪ್ಪು?"

"ನಿಮ್ಮ ನಿದ್ದಿ ಅಂತ ಯಾರ್ ಅಂದ್ರು?"

"ಅನ್ನೂದೇನ್ ಬಂತು? ಕತ್ತಲಾಗ ಕಲಿತೆ, ಅದಕ್ಕ ಕೆಡ್ತು ಅಂತ ಊರಿಗೆಲ್ಲ ಹೇಳಿ ಬಂದಿ. ಪ್ರೆಸ್ ಮುಂದ ಕಣ್ಣು ಮುಚ್ಚಿದ್ರ ಕೈ ಹೋಗ್ತೈತಿ ನಂದು. ಹೋದ ತಿಂಗಳ ನಮ್ಮ ಪಾಳಿ ಮಹಿಬೂಬಂದು ಎರಡ್ ಬೆರಳ ಹೋದ್ವು, ಗೊತ್ತೈತಿಲ್ಲೋ?"

"ಗೊತ್ತೈತಿ. ಅದಕ್ಕ ಮೂರು ವಾರದಾಗ ಒಮ್ಮೆನೂ ದೀಪ ಹಾಕ್ರಿ ಅಂತ ಬಾಯಿ ತೆಗದಿಲ್ಲ ನಾ."

"ಬಿಟ್ಟುಬಿಡು ಅತ್ಲಾಗ. ರೊಟ್ಟಿ ನಡದೈತಿ, ನನ್ನ ಕೆಲಸ ನಡದೈತಿ."

"ನಿಮ್ಮ ಕೆಲಸ ಕಾಂಟ್ರಾಕ್ಟಿನ್ಯಾಗ ನಡದೈತಿ. ಬಿಡಂಗಿಲ್ಲ ನಾ."

ಅಷ್ಟರಲ್ಲಿ ಓಝರ್‌ನಿಂದ ಗುರುಲಿಂಗಪ್ಪನ ಫೋನು. ಸುಹಾಸ ಎಲ್ಲವನ್ನೂ ಹೇಳಿದ್ದ. "ಬಂದುಬಿಡವಾ ಇಲ್ಲಿ. ಕ್ವಾರ್ಟರ್ಸಿನ್ಯಾಗ ಒಂದ್ ಖೋಲಿ ಖಾಲಿ ಐತಿ. ಮೂರು ವಾರ ಆರಾಮ ಕುಂತು ಕಲಿ. ದೀಪ ಐತಿ, ಫ್ಯಾನ್ ಐತಿ."

ಫೋನಿನ ದನಿ ಎಲ್ಲರಿಗೂ ಕೇಳುತ್ತಿತ್ತು. ಚಿದಂಬರ ಎದ್ದು ಒಳಗೆ ಹೋದ. ಈರಮ್ಮ ಡ್ರಮ್ಮಿನಲ್ಲಿ ನೀರು ಉಕ್ಕುವುದನ್ನು ನೋಡುತ್ತಾ, "ಹೋಗು ಬೇಕಾದ್ರ. ನೂರಾ ಅರವತ್ತು ರೊಟ್ಟಿ ನಾ ಒಬ್ಬಾಕಿನ ಬಡೀತೀನಿ. ಸತ್ತೇನು ಹೋಗೂದಿಲ್ಲ," ಎಂದಳು. ಹೋಗು ಎನ್ನುವ ದನಿ ಅದಾಗಿರಲಿಲ್ಲ.

"ಬರಂಗಿಲ್ಲಪ್ಪಾ," ಊರ್ಮಿಳಾ ಫೋನಿಗೆ ಹೇಳಿದಳು. "ಅಲ್ಲಿ ದೀಪ ಇದ್ರ ಮತ್ತ ಕೈ ನೋಡ್ತೀನಿ."

ಫೋನು ಇಟ್ಟ ಮೇಲೆ ಈರಮ್ಮ ಪೈಪು ಇನ್ನೊಂದು ಡ್ರಮ್ಮಿಗೆ ಹಾಕಿ ಕೇಳಿದಳು: "ಅಲ್ಲಬೇ, ಕೈ ಯಾಕ ನೋಡ್ತಿ? ನಾ ರೊಟ್ಟಿ ಬಡಿಯೂವಾಗ ಕೈ ನೋಡ್ತೀನೇನು? ಹಂಗ ನೋಡಿ ನೋಡಿ ಬಡದಿದ್ರ ನಿಮ್ಮ ಮಾವ ಉಪವಾಸ ಸಾಯ್ತಿದ್ದ."

ಸೋಮವಾರ ಒಂಬತ್ತಕ್ಕೆ ಊರ್ಮಿಳಾ ಮಾನಿಟರಿಗೆ ಟವೆಲ್ ಹೊದಿಸಿ, ಸ್ಕ್ರಾಲ್ ಲಾಕ್ ಒತ್ತಿದಳು. ನೀಲಿ ಅಕ್ಷರ ಆರಿದವು. ಪೂರ್ತಿ ಕತ್ತಲೆ.

ಬಾಯಿಪಾಠದ ಐದೂ ಪಾಠ ಅವಳು ಬಿಟ್ಟಳು. ಕಾಗದ ಕಾಣದ ಕಾರಣ ಕೇಳಿ ಹೊಡೆಯುವುದೆಂದು ತೀರ್ಮಾನಿಸಿದಳು. ಹಿಂದಿನ ಸಂಜೆ ಸಾಹಿತ್ಯಳಿಗೆ ಇಂಗ್ಲಿಷ್ ಪತ್ರಿಕೆ ಕೊಟ್ಟು, ಓಣಿಯ ಕಟ್ಟೆಯ ಮೇಲೆ ಕೂರಿಸಿ, ಫೋನಿನಲ್ಲಿ ಓದಿಸಿ ರೆಕಾರ್ಡ್ ಮಾಡಿಸಿದ್ದಳು. ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಬೆರಳಿಟ್ಟು ಹೊಡೆಯತೊಡಗಿದಳು.

ಮೂರಕ್ಕೆ ಚಿದಂಬರ ಎದ್ದ ಮೇಲೆ ಟವೆಲ್ ತೆಗೆದರೆ ಒಂದೂವರೆ ಪುಟದಲ್ಲಿ ಒಂದು ಪದವೂ ಪದವಾಗಿರಲಿಲ್ಲ. ಎಡಗೈ ಸರಿಯಾಗಿತ್ತು, ಬಲಗೈ ಶುರುವಿನಲ್ಲೇ ಒಂದು ಕೀಲಿ ಪಕ್ಕಕ್ಕೆ ಕೂತಿತ್ತು. ಕೊನೆಯವರೆಗೆ ಹಾಗೆಯೇ ಹೋಗಿತ್ತು.

ಸುಹಾಸನಿಗೆ ಫೋನು ಹೋಯಿತು. "ಅರೇ ಅಕ್ಕಾ, ಎಫ್ ಮ್ಯಾಲ, ಜೆ ಮ್ಯಾಲ ಸಣ್ಣ ಗೆರಿ ಐತಿ. ಉಬ್ಬಿರತೈತಿ. ಹುಡುಕು."

ಇತ್ತು. ಅಕ್ಕಿಕಾಳಿಗಿಂತ ಸಣ್ಣ ಉಬ್ಬು. ಮೂರು ವಾರ ಬೆಳಕು ನೋಡಿದ್ದವಳ ಬೆರಳಿಗೆ ಅದು ಒಮ್ಮೆಯೂ ಸಿಕ್ಕಿರಲಿಲ್ಲ. ಮರುದಿನದಿಂದ ಪ್ರತಿ ಸಾಲಿಗೂ ಎರಡು ತೋರುಬೆರಳು ಆ ಉಬ್ಬಿಗೆ ಮರಳಿ ಬರುವುದನ್ನು ಅಭ್ಯಾಸ ಮಾಡಿದಳು. ಮೊದಲ ವಾರ ಹನ್ನೆರಡು, ಹದಿನಾಲ್ಕು, ಹದಿನೇಳು. ಕ್ಯಾಲೆಂಡರಿನಲ್ಲಿ ಮೂವತ್ತೆಂಟರ ಕೆಳಗೆ ಹನ್ನೆರಡು ಬರೆಯಲು ಸಾಹಿತ್ಯ ಒಪ್ಪಲಿಲ್ಲ.

"ಬರಿ. ಇದ್ದದ್ದು ಬರಿ," ಎಂದಳು ತಾಯಿ.

ರೆಕಾರ್ಡಿಂಗಿನಲ್ಲಿ ಓಣಿಯೂ ಬರುತ್ತಿತ್ತು, ಕೊತ್ತಂಬರಿ ಮಾರುವವನ ಕೂಗೂ ಬರುತ್ತಿತ್ತು. ಒಂದು ದಿನ ಮೂರಕ್ಕೆ ಟವೆಲ್ ತೆಗೆದು ಸಾಹಿತ್ಯ ಪರದೆಯ ಮೇಲಿನದನ್ನು ಜೋರಾಗಿ ಓದಿದಳು. ಅಂದು ಶಾಲೆಗೆ ಸೂಟಿ ಇತ್ತು. "'ದಿ ಕಮಿಟಿ ವಿಲ್ ಸಬ್ಮಿಟ್ ಇಟ್ಸ್ ರಿಪೋರ್ಟ್ ಕೋಥಿಂಬೀರ್ ದಹಾ ರೂಪಯೇ ಹಾಲ್ ಉಕ್ಕಿತು ನೋಡ್ ಹುಡುಗಿ ಟು ದಿ ಗವರ್ನಮೆಂಟ್.' ಅಜ್ಜಿ, ನೀನು ಕಮಿಟಿಯೊಳಗೆ ಬಂದಿ!"

ಈರಮ್ಮ ಹಿಟ್ಟಿನ ಕೈಯಿಂದ ಬಂದು ಪರದೆ ನೋಡಿದಳು. "ಎಲ್ಲೈತಿ ನಂದು?"

"ಇಲ್ಲಿ. ಹಾಲ್ ಉಕ್ಕಿತು."

"ಖರೇನ ಉಕ್ಕಿತ್ತು. ಸರಕಾರಕ್ಕ ಗೊತ್ತಾಗ್ಲಿ ಬಿಡು."

ಹಾಸಿಗೆಯ ಮೇಲಿದ್ದ ಚಿದಂಬರನೂ ನಕ್ಕ. ಎದ್ದು ಬಂದು ಸಾಲು ನೋಡಿದ. "ಇದೆಲ್ಲ ಕತ್ತಲಾಗ ಹೊಡದದ್ದೇನ?"

"ಹೌದು."

"ತಪ್ಪು ಎಷ್ಟು?"

"ಕೋಥಿಂಬೀರ್ ಬಿಟ್ರ ಮೂರು."

ಅಂದಿನಿಂದ ಮೂರರಿಂದ ನಾಲ್ಕರವರೆಗೆ ತನ್ನ ಊಟ, ಚಹಾ ಚಿದಂಬರನೇ ನೋಡಿಕೊಂಡ. ಆ ಒಂದು ತಾಸು ಊರ್ಮಿಳಾ ದೀಪದಲ್ಲಿ ಕೂತು, ಕಾಗದ ನೋಡಿ ಹೊಡೆದಳು. ಕೈಯ ಮೇಲೆ ಈರಮ್ಮ ಹಿಟ್ಟು ಜರಡಿಯಾಡುವ ಬಟ್ಟೆ ಹೊದಿಸಿ, ಕಣ್ಣು ಕೆಳಗೆ ಹೋದರೆ ಲಟ್ಟಣಿಗೆಯಿಂದ ಮೇಜು ಕುಟ್ಟುತ್ತಿದ್ದಳು. ಗಣಪತಿ ಹಬ್ಬದ ಹತ್ತು ದಿನ ಓಣಿಯಲ್ಲಿ ಢೋಲು. ಚಿದಂಬರ ಮಲಗಿದ, ಊರ್ಮಿಳಾ ಹೊಡೆದಳು.

ಸೆಪ್ಟೆಂಬರ್ ೨ರ ಶನಿವಾರ ವಸುಧಾ ಮೇಡಂ ಎಣಿಸಿ ಮೂವತ್ತಾರು ಎಂದರು. "ಒಂದು ವಾರ ಇದೆ. ಸಾಲು ತಪ್ಪಿದರೆ ಹಿಂದಕ್ಕೆ ಹೋಗಬೇಡಿ. ಹೋದವರೆಲ್ಲ ಅಲ್ಲೇ ಮುಳುಗುತ್ತಾರೆ."

ಒಂಬತ್ತರ ಬೆಳಿಗ್ಗೆ ಎಂಬತ್ತು ರೊಟ್ಟಿ ಮುಗಿಸಿ ಊರ್ಮಿಳಾ ನಾಶಿಕ್ ಬಸ್ಸು ಹಿಡಿದಳು. ಸ್ಟ್ಯಾಂಡಿಗೆ ಚಿದಂಬರ ಬಂದಿದ್ದ. ಪಾಳಿಯಿಂದ ನೇರ, ಮಲಗದೆ.

"ನೀವ್ಯಾಕ ಬಂದ್ರಿ? ಮಲಗ್ರಿ ಹೋಗ್ರಿ."

"ಮಲಗ್ತೀನಿ. ಕಿಟಕಿ ಪಕ್ಕ ಕೂಡು, ನಿನಗ ವಾಂತಿ ಆಗ್ತೈತಿ."

ಭಾನುವಾರ ನಾಶಿಕ್‌ನ ಕೇಂದ್ರದಲ್ಲಿ ಅರವತ್ತು ಕಂಪ್ಯೂಟರ್. ಊರ್ಮಿಳಾಳ ಸಂಖ್ಯೆ ನಲವತ್ತೇಳು. ಕೀಬೋರ್ಡು ಕಪ್ಪು, ಅಕ್ಷರ ಸಣ್ಣದು. ಅವಳು ಅದನ್ನು ಒಮ್ಮೆ ನೋಡಿ, ತೋರುಬೆರಳಿನಿಂದ ಎರಡೂ ಉಬ್ಬು ಹುಡುಕಿದಳು. ಹತ್ತೂ ಐದಕ್ಕೆ ಗಂಟೆ ಹೊಡೆಯಿತು. ಕಾಗದದಲ್ಲಿ ದ್ರಾಕ್ಷಿಯ ಶೀತಲಗೃಹಗಳ ಬಗ್ಗೆ ಇತ್ತು. ಪಕ್ಕದ ಹುಡುಗ ಮಳೆ ಸುರಿದಂತೆ ಹೊಡೆಯುತ್ತಿದ್ದ. ಆರನೇ ನಿಮಿಷದಲ್ಲಿ ಊರ್ಮಿಳಾ ಒಂದು ಸಾಲು ಹಾರಿದಳು. ಮುಂದಿನ ಸಾಲಿನ ನಡುವೆ ಅದು ಗೊತ್ತಾಯಿತು. ಹಿಂದಕ್ಕೆ ಹೋಗಲಿಲ್ಲ. ಕಣ್ಣು ಕಾಗದದ ಮೇಲೇ ಇತ್ತು. ಹತ್ತನೇ ನಿಮಿಷಕ್ಕೆ ಪರದೆ ತಾನಾಗಿ ನಿಂತಿತು.

ಅಕ್ಟೋಬರ್ ೬ರಂದು ಪಟ್ಟಿ ಬಂತು. ಸುಹಾಸ ಅಂಗಡಿಯಲ್ಲಿ ತೆರೆದು ಫೋನಿನಲ್ಲಿ ಓದಿದ. ಒಟ್ಟು ನಾನೂರ ಇಪ್ಪತ್ಮೂರು ಪದ. ತಪ್ಪು ಹತ್ತೊಂಬತ್ತು, ಅದರಲ್ಲಿ ಹನ್ನೊಂದು ಹಾರಿದ ಸಾಲಿನವು. ನಿವ್ವಳ ನಾನೂರ ನಾಲ್ಕು. ಬೇಕಾದದ್ದು ನಾನೂರು.

"ನಾಲ್ಕು ಹೆಚ್ಚಿಗಿ ಯಾಕ ಹೊಡದಿ?" ಈರಮ್ಮ ಕೇಳಿದಳು. ಆಮೇಲೆ ಸೊಸೆಯ ಎರಡೂ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು. ಅಂದು ಹೂರಣದ ಹೋಳಿಗೆಯಾಯಿತು.

ನೇಮಕದ ಆದೇಶ ೨೭ರಂದು ಅಂಚೆಯಲ್ಲಿ ಬಂತು. ಊರು ಪಿಂಪಳಗಾಂವ್ ಬಸವಂತ್. ನಾಶಿಕ್ ದಾಟಿ ಆಗ್ರಾ ರಸ್ತೆಯಲ್ಲಿ, ಓಝರ್‌ಗೆ ಹತ್ತಿರ. ಶೇಂದ್ರಾದಿಂದ ದಿನಾ ಹೋಗಿ ಬರುವ ದೂರವಲ್ಲ.

ಮೂರಕ್ಕೆ ಊಟಕ್ಕೆ ಕೂತ ಚಿದಂಬರ ಆದೇಶವನ್ನು ಎರಡು ಸಲ ಓದಿದ.

"ಇಲ್ಲೇ ಕೊಡ್ರಿ ಅಂತ ಬರದು ಕೊಡು."

"ಮೊದಲ ಹಾಜರಾಗಬೇಕಂತ. ಮೂರು ವರ್ಷ ಬದಲಿ ಇಲ್ಲ ಅಂತ ಕೆಳಗ ಬರದೈತಿ, ನೋಡ್ರಿ."

"ಅಂದ್ರ ನಿಮ್ಮಪ್ಪನ ಮನಿಗೆ ಹೊಂಟಿ."

"ಕೆಲಸಕ್ಕ ಹೊಂಟೀನಿ. ಖೋಲಿ ಪಿಂಪಳಗಾಂವದಾಗ ಹಿಡೀತೀನಿ. ನೀವು ಬರ್ರಿ. ಅಲ್ಲೂ ಕಾರ್ಖಾನೆ ಅದಾವ."

"ಹನ್ನೊಂದು ವರ್ಷ ಪ್ರೆಸ್ ಮುಂದ ನಿಂತು, ಅಲ್ಲಿ ಹೋಗಿ ಹೊಸಬನಂಗ ಗೇಟಿನ್ಯಾಗ ನಿಂದ್ರಲೇನು?"

"ನಾ ಮೂವತ್ತೇಳಕ್ಕ ಹೊಸಬಳಾಗಿ ನಿಂದ್ರಾಕತ್ತೀನಲ್ಲ."

ಚಿದಂಬರ ಎಂಜಲು ಕೈ ತಾಟಿನಲ್ಲೇ ತೊಳೆದ. "ಅವ್ವಾ, ನೀ ಹೇಳು ಈಕಿಗೆ."

ಈರಮ್ಮ ತಾಟು ಎತ್ತಿಕೊಂಡಳು. "ಏನ್ ಹೇಳ್ಲಿ? ನಾವು ಸಿಂದಗಿ ಬಿಟ್ಟ ದಿನ ನಿನ್ನ ಅಜ್ಜಿನೂ ಬಾಗಿಲದಾಗ ಕುಂತು ಅತ್ತಿದ್ಲು. ನಿಮ್ಮಪ್ಪ ನಿಂತನೇನು? ನಾ ನಿಂತೆನೇನು?"

"ಸಾಹಿತ್ಯಾಂದು?"

"ವರ್ಷ ಮುಗಿಯೂತನಾ ನನ್ನ ಹತ್ತಿರ ಇರ್ತಾಳ," ಈರಮ್ಮ ಹೇಳಿದಳು. "ರೊಟ್ಟಿ ಬರೂ ತಿಂಗಳಿಂದ ಅರ್ಧ ಮಾಡ್ತೀನಿ ಅಂತ ಮೆಸ್ಸಿನವಗ ಹೇಳಿ ಬಾ ತಮ್ಮಾ."

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಮೆಸ್ಸಿನವನಿಗೆ ಹೇಳಿ ಬಂದ.

ನವೆಂಬರ್ ೬ರ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಇರುವಾಗ ಊರ್ಮಿಳಾ ಪಿಂಪಳಗಾಂವ್‌ನ ಕಚೇರಿಯಲ್ಲಿ ಹಾಜರಿ ಹಾಕಿದಳು. ಮುಂದಿನ ಜೂನ್‌ನಲ್ಲಿ ಸಾಹಿತ್ಯಳನ್ನು ಅಲ್ಲಿನ ಶಾಲೆಗೆ ಸೇರಿಸಿದರು. ಈರಮ್ಮ ಹದಿನೈದು ದಿನ ಸೊಸೆಯ ಹತ್ತಿರ, ಹದಿನೈದು ದಿನ ಮಗನ ಹತ್ತಿರ ಇರತೊಡಗಿದಳು. ಚಿದಂಬರ ಶೇಂದ್ರಾದಲ್ಲೇ ಉಳಿದ.